ಕೆಮ್ಮಿನ ಜಾಡು ಹಿಡಿದು ತುಮಕೂರಿಗೆ

“ಟಿ.ಬಿ. ಆಸ್ಪತ್ರೆ ತಾನೆ ಸಾರ್? ಅದು ನಿಮ್ಹಾನ್ಸ್ ಹತ್ರ ಅಲ್ವಾ? ನೀವ್ಯಾಕೆ ಬಳ್ಳಾರಿ ರೋಡ್ ಅಂತೀರಿ?”

ಆಟೋದವನ ಅನುಮಾನ ಸಹಜವೇ. ಬೆಂಗಳೂರಿನ ಹಳಬರಿಗೆ ಟಿ.ಬಿ. ಎಂದರೆ ನಿಮ್ಹಾನ್ಸ್ ಮಗ್ಗುಲಿನ ಸ್ಯಾನಿಟೋರಿಯಂ. ಆಸ್ಪತ್ರೆ ಅಲ್ಲಪ್ಪ, ಸಂಸ್ಥೆ ಅಂದೆ. “ಸಂಸ್ಥೆ ಅಂದ್ರೆ ಡಾಕ್ಟ್ರು ಇರಲ್ವಾ?” ಇರ್ತಾರೆ, ವಾರ್ಡುಗಳಿರಲ್ಲ ಅಂದೆ. ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿ, ಮರುಮಾತಿಲ್ಲದೆ ಮೀಟರ್ ಹಾಕಿದ. ಬೆಂಗಳೂರಿನಲ್ಲಿ ಇದೇನು ಸಣ್ಣ ಸಂಗತಿಯಲ್ಲ.

ಬಳ್ಳಾರಿ ರಸ್ತೆಯಲ್ಲಿ ಈಗ ಎಲ್ಲರಿಗೂ ವಿಮಾನ ಹಿಡಿಯುವ ಅವಸರ. ಕಾವೇರಿ ಜಂಕ್ಷನ್ ದಾಟಿ ಮೇಖ್ರಿ ಸರ್ಕಲ್ ಕಡೆ ನುಗ್ಗುವ ಕಾರುಗಳ ನಡುವೆ ಎಂಟನೇ ನಂಬರಿನ ಗೇಟು ಕಣ್ಣಿಗೆ ಬೀಳುವುದೇ ಕಷ್ಟ. ಜಾಗದ ಹಳೆಯ ಹೆಸರು ‘ಅವಲಾನ್’. ಈಗಿನ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1959ರಲ್ಲಿ ಹುಟ್ಟಿಕೊಂಡಿತು. 1960ರ ಸೆಪ್ಟೆಂಬರಿನಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಗೇಟಿನ ಒಳಗೆ ಹತ್ತು ಹೆಜ್ಜೆ ಇಟ್ಟರೆ ಹಾರ್ನಿನ ಸದ್ದು ತಗ್ಗಿ ಮರದ ನೆರಳು ಶುರುವಾಗುತ್ತದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ದೇಶದ ಬೇರೆ ಬೇರೆ ಜಿಲ್ಲೆಗಳ ಕ್ಷಯರೋಗ ಅಧಿಕಾರಿಗಳು, ಲ್ಯಾಬ್ ತಂತ್ರಜ್ಞರು, ತರಬೇತಿಗೆಂದು ಬಂದವರು. ನಾನು ಬಂದದ್ದು ಒಂದು ಹಳೆಯ ಪ್ರಬಂಧ ಹುಡುಕಿಕೊಂಡು.

ಅದಕ್ಕೆ ಹೋಗುವ ಮೊದಲು ಆ ಕಾಲದ ಲೆಕ್ಕಾಚಾರ ಹೇಳಬೇಕು. ಕ್ಷಯ ಪೇಟೆಯ ಕಾಯಿಲೆ ಎಂದೇ ಆಗ ನಂಬಿದ್ದರು. ಗಿರಣಿ ಕೂಲಿಗಳು, ಇಕ್ಕಟ್ಟಿನ ವಠಾರ, ಗಾಳಿಯಿಲ್ಲದ ಕೋಣೆ, ಇವೇ ಅದರ ಬೀಡು. ಹಳ್ಳಿಯ ಗಾಳಿ ಮದ್ದು. ಆದ್ದರಿಂದ ರೋಗಿಯನ್ನು ಊರಿಂದ ಆಚೆ ಒಳ್ಳೆಯ ಗಾಳಿ ಇರುವಲ್ಲಿ ಮಲಗಿಸಬೇಕು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಪಿ.ಕೆ. ಸ್ಯಾನಿಟೋರಿಯಂ ಎದ್ದದ್ದು ಹಾಗೆ. ಕ್ಷಯದಿಂದ ತೀರಿಕೊಂಡ ತಂಗಿ ಕೃಷ್ಣಾಜಮ್ಮಣ್ಣಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅರಮನೆಯನ್ನೇ ಬಿಡದ ಕಾಯಿಲೆ ಪೇಟೆಗಷ್ಟೇ ಅಂಟಿಕೊಂಡಿರುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲವೋ ಏನೋ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಹಳ್ಳಿ ಹಳ್ಳಿಗೆ ಎಕ್ಸ್‌ರೇ ವ್ಯಾನು ಓಡಿಸಿ ನೋಡಿದಾಗ ಗೊತ್ತಾಯಿತು: ಪೇಟೆಯಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಹಳ್ಳಿಯಲ್ಲೂ ಇದೆ. ದೇಶದ ಸ್ಯಾನಿಟೋರಿಯಂ ಹಾಸಿಗೆಗಳ ಲೆಕ್ಕ ಸಾವಿರಗಳಲ್ಲಿ, ರೋಗಿಗಳ ಲೆಕ್ಕ ಲಕ್ಷಗಳಲ್ಲಿ.

ಹಾಸಿಗೆಯ ಗಂಟನ್ನು ಬಿಡಿಸಿದ್ದು ಮದರಾಸು. ಅಲ್ಲಿನ ಚೇತ್‌ಪಟ್‌ನಲ್ಲಿ ಬ್ರಿಟನ್ನಿನ ವೈದ್ಯ ವ್ಯಾಲೇಸ್ ಫಾಕ್ಸ್ ಮುಂದಾಳತ್ವದಲ್ಲಿ ಸುಮಾರು ಇನ್ನೂರು ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಿಟೋರಿಯಮ್ಮಿಗೆ, ಇನ್ನೊಂದು ಪಾಲು ತಮ್ಮ ತಮ್ಮ ಗುಡಿಸಲಿಗೆ. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ವೈದ್ಯಲೋಕ ಕಣ್ಣುಜ್ಜಿಕೊಂಡಿತು. ಗುಡಿಸಲಿನಲ್ಲಿ, ಅರೆಹೊಟ್ಟೆಯಲ್ಲಿ, ಕೆಲಸಕ್ಕೂ ಹೋಗುತ್ತ ಮಾತ್ರೆ ನುಂಗಿದವರು ಹಾಸಿಗೆಯಲ್ಲಿ ಮಲಗಿ ಹಾಲು ಮೊಟ್ಟೆ ತಿಂದವರಷ್ಟೇ ವಾಸಿಯಾಗಿದ್ದರು. ಮನೆಯವರಿಗೆ ಹೆಚ್ಚು ಅಂಟಿರಲೂ ಇಲ್ಲ. ಸ್ಯಾನಿಟೋರಿಯಂ ಯುಗ ಅಲ್ಲಿಗೆ ಮುಗಿಯಿತು ಅನ್ನಬಹುದು. ಈ ಅರೆಹೊಟ್ಟೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರೋಗಿಗೆ ಮನೆಯಲ್ಲೇ ಮದ್ದು ಕೊಡಬಹುದು, ಸರಿ. ಆದರೆ ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಯನ್ನು ಹುಡುಕುವುದು ಹೇಗೆ? ದೊಡ್ಡವರೆಲ್ಲ ಒಪ್ಪಿಕೊಂಡಿದ್ದ ಉತ್ತರ ಒಂದಿತ್ತು. ಹಳ್ಳಿಯವನಿಗೆ ತಿಳಿವಳಿಕೆ ಸಾಲದು. ಕೆಮ್ಮಿದರೆ ಮಾಟ ಅನ್ನುತ್ತಾನೆ, ದೇವರಿಗೆ ಹರಕೆ ಹೊರುತ್ತಾನೆ, ನಾಟಿ ಮದ್ದಿಗೆ ಹೋಗುತ್ತಾನೆ. ಆತ ನಮ್ಮ ಬಳಿ ಬರುವುದಿಲ್ಲ, ನಾವೇ ವ್ಯಾನು ತೆಗೆದುಕೊಂಡು ಅವನ ಬಾಗಿಲಿಗೆ ಹೋಗಬೇಕು.

ಅವಲಾನ್‌ನಲ್ಲಿ ಕೂತಿದ್ದ ಕೆಲವರಿಗೆ ಈ ಉತ್ತರದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹಾಲ್ಫ್‌ಡಾನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ವೈದ್ಯ ಆಗ ಇಲ್ಲಿಯ ಕ್ಷಯ ಕಾರ್ಯಕ್ರಮದ ಜೊತೆಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿ; ಮುಂದೆ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರೇ ಆದರು. ಅವರದೇ ನಾಡಿನ ಸ್ಟಿಗ್ ಆಂಡರ್ಸನ್ ಇದ್ದರು. ವೈದ್ಯರೂ ಆಗಿ ಸಮಾಜಶಾಸ್ತ್ರಜ್ಞರೂ ಆಗಿದ್ದ ದೇಬಬಾರ್ ಬ್ಯಾನರ್ಜಿ ಇದ್ದರು. ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ಒಂದು ಕ್ಷಯ ಸಮೀಕ್ಷೆ ನಡೆದಿತ್ತು. ಮನೆ ಮನೆಯ ಎಣಿಕೆ, ತೋಳಿಗೆ ಟ್ಯುಬರ್‌ಕ್ಯುಲಿನ್ ಚುಚ್ಚಿ ಮೂರನೇ ದಿನ ಬಾವು ಎಷ್ಟು ಮಿಲಿಮೀಟರ್ ಎಂದು ಅಳೆಯುವುದು, ವ್ಯಾನಿನಲ್ಲಿ ಎಪ್ಪತ್ತು ಮಿಲಿಮೀಟರಿನ ಪುಟ್ಟ ಫಿಲ್ಮಿನ ಮೇಲೆ ಎದೆಯ ಚಿತ್ರ, ಸಂಶಯ ಬಂದವರ ಕಫ ಪರೀಕ್ಷೆ. ಕಫದಲ್ಲಿ ರೋಗಾಣು ಸಿಕ್ಕವರು ಸಾವಿರಕ್ಕೆ ಸುಮಾರು ನಾಲ್ಕು ಮಂದಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಆ ಹೆಸರುಗಳನ್ನು ಹಿಡಿದು, ಹೋಲಿಕೆಗೆ ರೋಗವಿಲ್ಲದವರನ್ನೂ ಜೊತೆಗಿಟ್ಟುಕೊಂಡು, ಹಳ್ಳಿಗಳಿಗೆ ವಾಪಸ್ ಜನ ಕಳಿಸಿದರು. ನಿಮಗೆ ಏನಾಗಿದೆ? ಎಷ್ಟು ದಿನದಿಂದ? ಏನು ಮಾಡಿದಿರಿ? ಕೇಳಿದ್ದು ಇಷ್ಟೆ.

1963ರ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ಅಚ್ಚಾದ ಆ ಪ್ರಬಂಧವನ್ನು ನಾನು ಓದಿದ್ದು ಫ್ಯಾನಿನ ಕೆಳಗೆ, ಹಾಳೆ ಹಾರದಂತೆ ಮೊಣಕೈ ಊರಿಕೊಂಡು. ಭಾಷೆ ಒಣ. ಕೋಷ್ಟಕಗಳ ಮೇಲೆ ಕೋಷ್ಟಕ. ಆದರೆ ಒಳಗಿರುವ ಸುದ್ದಿ ಎದೆಗೆ ತಾಗುವಂಥದ್ದು. ಕಫದಲ್ಲಿ ರೋಗಾಣು ಇದ್ದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ತಮಗೇನೋ ಆಗಿದೆ ಎಂಬ ಅರಿವಿತ್ತು. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಅದರ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಮೈಲಿಗಟ್ಟಲೆ ನಡೆದು, ಒಂದು ದಿನದ ಕೂಲಿ ಬಿಟ್ಟು, ಸಾಲಿನಲ್ಲಿ ನಿಂತು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ.

ಆ ಸೀಸೆ ನನಗೆ ಗೊತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಕೈ ಹಿಡಿದು ಊರಿನ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಸೀಸೆಯನ್ನು ನಾವೇ ತೊಳೆದು ಒಯ್ಯಬೇಕಿತ್ತು. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ನೀರು ಬಗ್ಗಿಸಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಬೆನ್ನಿಗೆ ಅಂಟಿಸುತ್ತಿದ್ದ. ಒಂದು ಹಲ್ಲು ಒಂದು ಹೊತ್ತಿಗೆ. ಅಜ್ಜಿ ಎರಡು ವರ್ಷ ಆ ಸೀಸೆ ತೊಳೆದಳು. ಅವಳಿಗೆ ಇದ್ದದ್ದು ಏನೆಂದು ಕೊನೆಗೂ ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಡಾಕ್ಟರು ತಲೆ ಎತ್ತುವ ಮೊದಲೇ ಚೀಟಿ ಬರೆದಾಗಿರುತ್ತಿತ್ತು. ಪ್ರಬಂಧದ ಆ ಪುಟದಲ್ಲಿ ಅವಳೂ ಸಾಲಿನಲ್ಲಿ ನಿಂತಂತೆ ಅನ್ನಿಸಿ ಸ್ವಲ್ಪ ಹೊತ್ತು ಮುಂದಕ್ಕೆ ಓದಲಾಗಲಿಲ್ಲ.

ತುಮಕೂರಿನ ಆ ಉತ್ತರ ಲೆಕ್ಕವನ್ನೇ ತಿರುವಿ ಹಾಕಿತು. ರೋಗಿ ಬರುತ್ತಿಲ್ಲ ಎಂಬುದು ಸುಳ್ಳು. ಬಂದವನನ್ನು ನಾವು ವಾಪಸ್ ಕಳಿಸುತ್ತಿದ್ದೇವೆ. ಹಾಗಾದರೆ ದುಬಾರಿ ವ್ಯಾನು ಏಕೆ? ಇರುವ ಆಸ್ಪತ್ರೆಗೇ ಒಂದು ಮೈಕ್ರೋಸ್ಕೋಪು ಕೊಡಿ, ಬಹಳ ದಿನದಿಂದ ಕೆಮ್ಮುವವನ ಕಫ ನೋಡಿ, ರೋಗಾಣು ಕಂಡರೆ ಮಾತ್ರೆ ಕೊಟ್ಟು ಮನೆಗೆ ಕಳಿಸಿ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತದ್ದು ಈ ತಳಹದಿಯ ಮೇಲೆ.

ಇಂಥ ಕೆಲಸಕ್ಕೆ ಈಚೆಗೆ ಒಂದು ಹೆಸರು ಚಾಲ್ತಿಗೆ ಬಂದಿದೆ, ರಿಯಲ್ ವರ್ಲ್ಡ್ ರಿಸರ್ಚ್. ವಾಸ್ತವ ಜಗತ್ತಿನ ಸಂಶೋಧನೆ ಎಂದರೆ ಕನ್ನಡದಲ್ಲಿ ಸಭೆಯ ಭಾಷಣದಂತೆ ಕೇಳಿಸುತ್ತದೆ. ಜನ ಇದ್ದಲ್ಲೇ, ಇದ್ದ ಹಾಗೇ ನೋಡುವುದು ಎಂದರೆ ಸಾಕು. ಹಾಗಾದರೆ ಉಳಿದ ಸಂಶೋಧನೆ ಎಲ್ಲಿ ನಡೆಯುತ್ತದೆ ಎಂದು ನೀವು ಕೇಳಬಹುದು. ಉತ್ತರ ತಮಾಷೆಯಾಗಿದೆ. ಆಯ್ದ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಮದ್ದನ್ನು ಒರೆಗೆ ಹಚ್ಚುವ ಕಟ್ಟುನಿಟ್ಟಿನ ಪದ್ಧತಿ ನೆಲೆಯೂರಿದ್ದೇ ಶ್ವಾಸಕೋಶದ ಕಾಯಿಲೆಯಲ್ಲಿ. ಬ್ರಿಟನ್ನಿನಲ್ಲಿ 107 ಕ್ಷಯರೋಗಿಗಳ ಮೇಲೆ ನಡೆದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಎಲ್ಲರೂ ಹರೆಯದವರು, ಎಲ್ಲರದೂ ಒಂದೇ ಬಗೆಯ ಉಲ್ಬಣಿಸಿದ ಕಾಯಿಲೆ. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರು ಸತ್ತರು, ಬರೀ ವಿಶ್ರಾಂತಿ ಪಡೆದ 52 ಮಂದಿಯಲ್ಲಿ ಹದಿನಾಲ್ವರು. ಸಂಶಯಕ್ಕೆ ಎಡೆಯೇ ಇಲ್ಲದ ಉತ್ತರ. ಅಂದಿನಿಂದ ಆ ಪದ್ಧತಿಯೇ ಚಿನ್ನದ ಒರೆಗಲ್ಲು.

ಒರೆಗಲ್ಲು ಒಳ್ಳೆಯದೇ. ತೊಡಕು ಇರುವುದು ಅದರ ಮೇಲೆ ಯಾರನ್ನು ಉಜ್ಜುತ್ತೇವೆ ಎನ್ನುವುದರಲ್ಲಿ. ಬೀಡಿ ಸೇದುವವರು ಬೇಡ, ವಯಸ್ಸಾದವರು ಬೇಡ, ಸಕ್ಕರೆ ಕಾಯಿಲೆಯವರು ಬೇಡ, ಇನ್‌ಹೇಲರ್ ಮರೆಯುವವರು ಬೇಡ ಎಂದು ಸೋಸುತ್ತ ಹೋದರೆ ಕೊನೆಗೆ ಉಳಿಯುವವರು ಯಾರು? ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿ ಉಬ್ಬಸ ಇರುವ ಸಾಮಾನ್ಯ ಜನರನ್ನು ಆರಿಸಿ, ದೊಡ್ಡ ದೊಡ್ಡ ಉಬ್ಬಸ ಪರೀಕ್ಷೆಗಳಿಗೆ ಇವರಲ್ಲಿ ಎಷ್ಟು ಮಂದಿಗೆ ಪ್ರವೇಶ ಸಿಗುತ್ತಿತ್ತು ಎಂದು ಲೆಕ್ಕ ಹಾಕಿದರು. 2007ರಲ್ಲಿ ಪ್ರಕಟವಾದ ಉತ್ತರ: ನೂರಕ್ಕೆ ನಾಲ್ವರ ಆಸುಪಾಸು. ಉಳಿದ ತೊಂಬತ್ತಾರು ಮಂದಿ ನುಂಗುವುದು ತಮ್ಮಂಥವರ ಮೇಲೆ ಎಂದೂ ನೋಡದ ಮದ್ದನ್ನು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮಗ್ಗುಲಿನ ಸಾಲ್ಫರ್ಡ್ ಇದಕ್ಕೊಂದು ದಾರಿ ಹುಡುಕಿತು. ಹಳೆಯ ಹತ್ತಿ ಗಿರಣಿಗಳ ಊರು, ಕೆಟ್ಟ ಶ್ವಾಸಕೋಶಗಳಿಗೆ ಕೊರತೆ ಇಲ್ಲದ ಊರು. ಅಲ್ಲಿ 2012ರಿಂದ, ದೀರ್ಘಕಾಲದ ದಮ್ಮಿನ ಕಾಯಿಲೆ ಇದ್ದ 2,799 ಮಂದಿಗೆ ಅವರ ಮಾಮೂಲಿ ಡಾಕ್ಟರಿಂದಲೇ, ಬೀದಿಯ ಮೆಡಿಕಲ್ ಶಾಪಿನಿಂದಲೇ ಮದ್ದು ಸಿಗುವಂತೆ ಮಾಡಿದರು. ಒಂದು ಗುಂಪಿಗೆ ಹೊಸ ಇನ್‌ಹೇಲರು, ಇನ್ನೊಂದಕ್ಕೆ ಅವರವರ ಹಳೆಯ ಮದ್ದು. ಊರಿನ ಎಲ್ಲ ಆಸ್ಪತ್ರೆ, ಕ್ಲಿನಿಕ್ಕುಗಳ ದಾಖಲೆ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿಕೊಂಡಿದ್ದರಿಂದ ರೋಗಿಯನ್ನು ಪದೇ ಪದೇ ಕರೆಸುವ ಕಾಟ ಇರಲಿಲ್ಲ. ಆತ ಬದುಕುತ್ತಿದ್ದ, ಇವರು ಓದುತ್ತಿದ್ದರು. ಒಂದು ವರ್ಷದಲ್ಲಿ ಕಾಯಿಲೆ ಕೆರಳುವುದು ಹೊಸ ಮದ್ದಿನವರಲ್ಲಿ ಶೇ 8.4ರಷ್ಟು ಕಡಿಮೆಯಾಗಿತ್ತು, ಆದರೆ ಡಾಕ್ಟರ ಬಳಿ ಹೋಗುವುದು ಕಡಿಮೆಯಾಗಿರಲಿಲ್ಲ. ಖರ್ಚು ಕೊಟ್ಟದ್ದು ಆ ಇನ್‌ಹೇಲರ್ ತಯಾರಿಸುವ ಕಂಪನಿಯೇ ಎನ್ನುವುದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಅರವತ್ತರ ದಶಕದ ತುಮಕೂರಿನಲ್ಲಿ ಮಾರುವುದಕ್ಕೆ ಯಾರ ಬಳಿಯೂ ಏನೂ ಇರಲಿಲ್ಲ. ನನಗೆ ತುಮಕೂರೇ ಹೆಚ್ಚು ಹಿಡಿಸುವುದಕ್ಕೆ ಅದೂ ಒಂದು ಕಾರಣ.

ಮಾರನೆಯ ದಿನ ಗೊರಗುಂಟೆಪಾಳ್ಯದಲ್ಲಿ ತುಮಕೂರಿನ ಬಸ್ಸು ಹತ್ತಿದೆ.

ನೆಲಮಂಗಲದ ತನಕ ಗೋಡೌನು, ಲಾರಿ, ಮೇಲುಸೇತುವೆ. ರಸ್ತೆಯ ಆಚೆ ಈಚೆ ಹಳ್ಳಿಗಳಿದ್ದವು ಎನ್ನುವುದಕ್ಕೆ ಈಗ ಬಸ್‌ಸ್ಟಾಪಿನ ಹೆಸರುಗಳೇ ಸಾಕ್ಷಿ. ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳಿಂದ 119 ಹಳ್ಳಿಗಳನ್ನು ಆರಿಸಿ ಅವಲಾನ್‌ನವರು 1961ರಿಂದ 1968ರವರೆಗೆ ನಾಲ್ಕು ಸಲ ಮನೆ ಮನೆ ಸುತ್ತಿದರು. ಅದರಿಂದ ಹೊರಬಂದ ಮೂರು ಅಂಕಿಗಳನ್ನು ಇವತ್ತಿಗೂ ಜಗತ್ತಿನ ಕ್ಷಯದ ಪಠ್ಯಗಳಲ್ಲಿ ಕಾಣಬಹುದು. ಮದ್ದು ಸಿಗದಿದ್ದರೆ, ಕಫದಲ್ಲಿ ರೋಗಾಣು ಇದ್ದ ನೂರು ಮಂದಿಯಲ್ಲಿ ಐದು ವರ್ಷದ ಕೊನೆಗೆ 49 ಮಂದಿ ಸತ್ತಿರುತ್ತಾರೆ, 33 ಮಂದಿ ತಾವಾಗಿಯೇ ವಾಸಿಯಾಗಿರುತ್ತಾರೆ, 18 ಮಂದಿ ಕೆಮ್ಮುತ್ತ, ಹಂಚುತ್ತ ಉಳಿದಿರುತ್ತಾರೆ. ಪಠ್ಯದಲ್ಲಿ ಅದು ಒಂದು ವಾಕ್ಯ. ನಾನು ಬಸ್ಸಿನ ಕಿಟಕಿಯಲ್ಲಿ ಕೂತು ಆ ನಲವತ್ತೊಂಬತ್ತನ್ನು ಬೇರೆ ರೀತಿ ಓದುತ್ತಿದ್ದೆ. ಸ್ಟ್ರೆಪ್ಟೊಮೈಸಿನ್ ಬಂದು ಆಗಲೇ ಹತ್ತು ಹದಿನೈದು ವರ್ಷವಾಗಿತ್ತು, ಐಸೊನಿಯಾಜಿಡ್ 1952ರಲ್ಲೇ ಬಂದಿತ್ತು. ಬೆಂಗಳೂರಿನಿಂದ ಇಷ್ಟು ಹತ್ತಿರ ಇದ್ದೂ ಆ ಮದ್ದು ತಲುಪದ್ದರಿಂದಲೇ ಈ ಅಂಕಿ ಸಿಕ್ಕಿತು. ಇಂದು ಯಾವ ನೈತಿಕ ಸಮಿತಿಯೂ ಹಾಗೆ ಬರೀ ನೋಡುತ್ತ ಕೂರಲು ಬಿಡುವುದಿಲ್ಲ, ಬಿಡಲೂ ಬಾರದು. ಬೇರೆಲ್ಲೂ ಮತ್ತೆ ಸಿಗದ ಅಂಕಿ ಅದು. ಸಿಗದಿರಲಿ.

ದಾಬಸ್‌ಪೇಟೆ ಬಂತು, ಎಡಕ್ಕೆ ಶಿವಗಂಗೆ ಬೆಟ್ಟ ತಲೆ ಎತ್ತಿತು. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದು ಸಂಶೋಧನೆಗೂ ಶೋಭೆಯಲ್ಲ. ಬೆಣ್ಣೆ ಕರಗುವಷ್ಟು ಹೊತ್ತು ಕೂತು, ಇನ್ನೊಂದು ಬಸ್ಸು ಹಿಡಿದು ಗುಬ್ಬಿ ಕಡೆ ಹೊರಟೆ.

ಗುಬ್ಬಿ ದಾಟಿದ ಮೇಲೆ ತೆಂಗಿನ ತೋಟಗಳು ದಟ್ಟವಾಗುತ್ತವೆ. ನಾನು ಇಳಿದ ಹಳ್ಳಿಯ ಹೆಸರು ಇಲ್ಲಿ ಬೇಡ. ಅರಳಿಕಟ್ಟೆ, ಹಾಲಿನ ಡೇರಿ, ರಾಗಿ ಹುಲ್ಲಿನ ಬಣವೆ, ಅಟ್ಟದ ಮೇಲೆ ಕೊಬ್ಬರಿ ಒಣಗುವ ಹಂಚಿನ ಮನೆಗಳು. ಗ್ಯಾಸು ಬಂದಿದೆ, ಆದರೆ ಮುದ್ದೆಗೆ, ಸ್ನಾನದ ನೀರಿಗೆ ಇನ್ನೂ ಒಲೆಯೇ. ತೆಂಗಿನ ಮಟ್ಟೆ, ಸೋಗೆ, ಚಿಪ್ಪು ಬಿಟ್ಟಿ ಸಿಗುವ ಊರಿನಲ್ಲಿ ಒಲೆ ಆರುವುದು ಸುಲಭವಲ್ಲ. ಬೆಳಗಿನ ಎಂಟಕ್ಕೆ ಹಂಚಿನ ಸಂದಿಯಿಂದ ನೀಲಿ ಹೊಗೆ ಏಳುತ್ತಿತ್ತು. ನೋಡಲು ಚೆಂದ. ಒಳಗೆ ಊದುಗೊಳವೆ ಹಿಡಿದು ಕೂತವಳ ಎದೆಗೆ ಅದು ಬೀಡಿಗಿಂತ ಕಡಿಮೆ ಏನಲ್ಲ. ಜೀವನದಲ್ಲಿ ಒಂದು ಬೀಡಿ ಮುಟ್ಟದ ಹೆಂಗಸರಿಗೆ ದಮ್ಮು ಬರುವ ಗುಟ್ಟು ಈ ಒಲೆಯಲ್ಲಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬು ಒಂದು ಸಣ್ಣ ಕೋಣೆ. ಅಲ್ಲಿದ್ದ ತಂತ್ರಜ್ಞೆಗೆ ನನ್ನ ಕುತೂಹಲ ಕಂಡು ಖುಷಿಯಾಯಿತು. ಗಾಜಿನ ತುಂಡಿನ ಮೇಲೆ ಕಫವನ್ನು ಕಡ್ಡಿಯಿಂದ ತೆಳ್ಳಗೆ ಸವರಿ, ಒಣಗಿಸಿ, ಕೆಂಪು ಬಣ್ಣ ಹೊಯ್ದು ಆವಿ ಏಳುವ ತನಕ ಬಿಸಿ ಮಾಡಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಬಣ್ಣ. ಆಮ್ಲಕ್ಕೂ ಕೆಂಪು ಬಿಡದ ಮೊಂಡು ಕ್ಷಯದ ರೋಗಾಣು ಮಾತ್ರ ನೀಲಿ ಬಯಲಿನಲ್ಲಿ ಕೆಂಪು ಎಳೆಯಾಗಿ ನಿಲ್ಲುತ್ತದೆ. ಒಂದು ಹಳೆಯ ಗಾಜನ್ನು ಹುಡುಕಿ ತೋರಿಸಿದರು. ಮೊದಲು ಏನೂ ಕಾಣಲಿಲ್ಲ. “ಆತುರ ಪಡ್ಬೇಡಿ ಸಾರ್, ಕಣ್ಣು ಕೂರ್ಬೇಕು” ಅಂದರು. ಕೂತಿತು. ಕುಂಕುಮದ ಹುಡಿಯಲ್ಲಿ ಅದ್ದಿದ ಕೂದಲ ಚೂರಿನಂತೆ ನಾಲ್ಕೈದು. ಇಷ್ಟಕ್ಕೆ ಅಷ್ಟೊಂದು ಕಥೆ.

ಈಗ ಕಫವನ್ನು ಹೆಚ್ಚಾಗಿ ತಾಲ್ಲೂಕು ಆಸ್ಪತ್ರೆಯ ಟ್ರೂನ್ಯಾಟ್ ಯಂತ್ರಕ್ಕೆ ಕಳಿಸುತ್ತಾರೆ. ರೋಗಾಣುವಿನ ವಂಶವಾಹಿಯನ್ನೇ ಹುಡುಕಿ, ಮುಖ್ಯ ಮಾತ್ರೆಗೆ ಅದು ಬಗ್ಗುತ್ತದೋ ಇಲ್ಲವೋ ಎಂದೂ ಹೇಳುವ ಪೆಟ್ಟಿಗೆ. ಅದನ್ನು ರೂಪಿಸಿದ ಪ್ರಯೋಗಾಲಯ ಇರುವುದೂ ಬೆಂಗಳೂರಿನಲ್ಲೇ.

ಆ ದಿನ ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಬಂದಿತ್ತು, ದೊಡ್ಡ ಕ್ಯಾಮೆರಾದಷ್ಟು ಗಾತ್ರದ್ದು. 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನದ ಅಭಿಯಾನದಿಂದ ಈಚೆಗೆ ಇವು ಹಳ್ಳಿ ಸುತ್ತುತ್ತಿವೆ. ನನಗೆ ನಗು ಬಂತು. ವ್ಯಾನು ಬೇಡ, ಮೈಕ್ರೋಸ್ಕೋಪು ಸಾಕು ಎಂದು ಜಗತ್ತಿಗೆ ಹೇಳಿಕೊಟ್ಟ ಜಿಲ್ಲೆಗೇ ವ್ಯಾನು ಚಿಕ್ಕದಾಗಿ ವಾಪಸ್ ಬಂದಿದೆ.

ಬಂದದ್ದಕ್ಕೆ ಕಾರಣ ಮತ್ತೊಂದು ಸಮೀಕ್ಷೆ. 2019ರಿಂದ 2021ರವರೆಗೆ ದೇಶದಾದ್ಯಂತ ಮತ್ತೆ ಮನೆ ಮನೆ ಸುತ್ತಿ ನೋಡಿದರು. ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯ. ಸಾವಿರಕ್ಕೆ ನಾಲ್ಕು ಎಂಬ ಹಳೆಯ ಲೆಕ್ಕದ ಎದುರು ಇದನ್ನಿಟ್ಟರೆ ಅರವತ್ತು ವರ್ಷದ ಓಟ ಎಷ್ಟು ದೂರ ಬಂದಿದೆ ಎಂದು ನೀವೇ ನೋಡಿಕೊಳ್ಳಿ. ಬೆಚ್ಚಿಸಿದ್ದು ಮುಂದಿನ ಅಂಕಿಗಳು. ಕೆಮ್ಮು, ಜ್ವರದಂಥ ಲಕ್ಷಣ ಇದ್ದವರಲ್ಲಿ ಶೇ 64ರಷ್ಟು ಮಂದಿ ಯಾವ ಡಾಕ್ಟರ ಬಳಿಗೂ ಹೋಗಿರಲಿಲ್ಲ. ಏಕೆ ಎಂದರೆ ಮೂರರಲ್ಲಿ ಎರಡು ಪಾಲು ಜನರ ಉತ್ತರ ಒಂದೇ: ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಜೊತೆಗೆ, ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿಕೊಂಡು ಹೋಗಿದ್ದರೆ ಸಿಕ್ಕ ರೋಗಿಗಳಲ್ಲಿ ಶೇ 43ರಷ್ಟು ಮಂದಿ ಕೈತಪ್ಪುತ್ತಿದ್ದರು.

ತುಮಕೂರಿನ ಅಂಕಿಯನ್ನೂ ಈ ಶೇ 64ನ್ನೂ ನೇರವಾಗಿ ಹೋಲಿಸುವಂತಿಲ್ಲ. ತುಮಕೂರಿನವರು ಲೆಕ್ಕ ಹಾಕಿದ್ದು ಕಫದಲ್ಲಿ ರೋಗಾಣು ಸಿಕ್ಕವರನ್ನು, ಇವರು ಲೆಕ್ಕ ಹಾಕಿದ್ದು ಲಕ್ಷಣ ಇದ್ದ ಎಲ್ಲರನ್ನೂ. ಆದರೂ ಜನ ಬರುತ್ತಾರೆ ಎಂಬ 1963ರ ಮಾತಿನ ಮೇಲೆ ಅರವತ್ತು ವರ್ಷ ಒರಗಿ ಕೂತದ್ದು ಸರಿಯಲ್ಲ. ಆ ಪ್ರಬಂಧದಲ್ಲೇ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಬಂದಿರಲಿಲ್ಲ. ಬಂದವರ ಕಥೆ ಅಷ್ಟು ಚೆನ್ನಾಗಿತ್ತು, ಬಾರದವರು ಕೋಷ್ಟಕದಲ್ಲೇ ಉಳಿದರು.

ಮದರಾಸಿನ ಅರೆಹೊಟ್ಟೆಗೂ ಹೀಗೇ ಆಯಿತು. ಊಟ ಕಡಿಮೆ ಇದ್ದರೂ ಮಾತ್ರೆಯಿಂದ ವಾಸಿಯಾಗುತ್ತದೆ ಎಂಬ ಮಾತು ಕಾಲ ಕಳೆದಂತೆ ಊಟ ಮುಖ್ಯವಲ್ಲ ಎಂದಾಯಿತು. ಅದನ್ನು ಮತ್ತೆ ಕೆದಕಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ, ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಯವರ ಜೊತೆಗೂಡಿ. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳಿಗೂ ಪ್ರತಿ ತಿಂಗಳು ಹತ್ತು ಕಿಲೋ ಆಹಾರ ಕೊಟ್ಟರು. ಅರ್ಧ ಭಾಗದಲ್ಲಿ ರೋಗಿಯ ಮನೆಯ ಉಳಿದವರಿಗೂ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. 2023ರಲ್ಲಿ ಬಂದ ಫಲಿತಾಂಶ: ಹಾಗೆ ಅಕ್ಕಿ ಬೇಳೆ ಉಂಡ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆ. ರೋಗಿಗಳಲ್ಲೂ, ಮೊದಲ ಎರಡು ತಿಂಗಳಲ್ಲಿ ಮೈ ತೂಕ ಏರಿದವರು ಸಾಯುವುದು ಕಡಿಮೆ. ಲಸಿಕೆ ತಯಾರಿಸಲು ಕೋಟಿ ಕೋಟಿ ಸುರಿಯುವ ಲೋಕಕ್ಕೆ ತೊಗರಿಬೇಳೆಯ ಸುದ್ದಿ ಎಷ್ಟು ಕೇಳಿಸಿತೋ ಕಾಣೆ. ಸರ್ಕಾರ ರೋಗಿಯ ಖಾತೆಗೆ ತಿಂಗಳಿಗೆ ಹಾಕುತ್ತಿದ್ದ ಐನೂರು ರೂಪಾಯಿಯನ್ನು 2024ರ ನವೆಂಬರಿನಿಂದ ಸಾವಿರ ಮಾಡಿದೆ. ಈ ಹಳ್ಳಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ “ಬರುತ್ತೆ ಸಾರ್, ಒಂದೊಂದ್ಸಲ ಮೂರು ತಿಂಗಳದ್ದು ಒಟ್ಟಿಗೆ ಬರುತ್ತೆ. ಹಸಿವು ಒಟ್ಟಿಗೆ ಬರಲ್ವಲ್ಲ” ಅಂದಳು.

ಶಾಮಿಯಾನದ ಕೆಳಗೆ ಸಾಲಿನಲ್ಲಿ ಎಂಬತ್ತು ದಾಟಿದ ಅಜ್ಜನೊಬ್ಬ ಕೂತಿದ್ದ. ಪಂಚೆ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು. ಹಿಂದೆ ಯಾವಾಗಲಾದರೂ ಹೀಗೆ ಎಕ್ಸ್‌ರೇ ತೆಗೆಯುವವರು ಬಂದಿದ್ದರೇ ಎಂದು ಕೇಳಿದೆ.

“ಬಂದಿದ್ರು ಕಣಪ್ಪ. ನಾನಾಗ ಇನ್ನೂ ಹುಡುಗ. ಗೌರ್ಮೆಂಟ್ ಮೋಟ್ರು, ದೊಡ್ದು. ಇಗಾ, ಇಲ್ಲಿ ಸೂಜಿ ಚುಚ್ಚಿದ್ರು” ಎಂದು ಎಡಗೈ ಮುಂದೋಳು ತೋರಿಸಿದ. ಅಲ್ಲಿ ಗುರುತೇನೂ ಇರಲಿಲ್ಲ. “ಮೂರು ದಿನ ಬಿಟ್ಟು ಬಂದು ಅಳತೆಕೋಲು ಇಟ್ಟು ನೋಡಿದ್ರು. ದನ ಕೊಳ್ಳೋರು ಹಲ್ಲು ನೋಡಲ್ವಾ, ಹಂಗೆ.”

“ಆಮೇಲೆ ಏನಂದ್ರು?”

“ಯಾರು? ಅವ್ರಾ? ಏನೂ ಅನ್ಲಿಲ್ಲ. ಬರ್ಕೊಂಡು ಹೋದ್ರು.”

ಅದು ಅವಲಾನ್‌ನವರ ವ್ಯಾನೇ ಆಗಿತ್ತೋ, ಬಿ.ಸಿ.ಜಿ. ಚುಚ್ಚುವವರದೋ ಹೇಳಲು ಬಾರದು. ನಾನು ಕೆದಕಲಿಲ್ಲ. ಅವನ ಸರದಿ ಬಂತು. ಹುಡುಗನೊಬ್ಬ ಅಜ್ಜನ ಬೆನ್ನಿಗೆ ಹಲಗೆ ಒತ್ತಿ ನಿಲ್ಲಿಸಿ, “ಉಸಿರು ಎಳ್ಕೊಳಿ... ಹಿಡ್ಕೊಳಿ” ಅಂದ. ಮುದುಕ ಎಳೆದುಕೊಂಡ, ಹಿಡಿದುಕೊಳ್ಳಲಾಗದೆ ಕೆಮ್ಮಿದ. ಮತ್ತೆ ನಿಲ್ಲಿಸಿದರು. ಎರಡನೇ ಸಲ ಸಿಕ್ಕಿತು. ಲ್ಯಾಪ್‌ಟಾಪಿನ ಮೇಲೆ ಎದೆಗೂಡು ಮೂಡಿತು, ಮೇಲ್ಭಾಗದ ಒಂದು ಕಡೆ ಕಂಪ್ಯೂಟರು ತಾನೇ ಬಣ್ಣ ಬಳಿದು ತೋರಿಸಿತು.

“ಎಷ್ಟ್ ದಿನದಿಂದ ಕೆಮ್ಮು ತಾತ?” ಆಶಾ ಕಾರ್ಯಕರ್ತೆ ಕೇಳಿದಳು.

“ಇದೆಲ್ಲ ಒಂದು ಕೆಮ್ಮಾ? ಹೊಗೆಸೊಪ್ಪಿಂದು.”

“ದಸರಾದಿಂದ ಐತೆ” ಎಂದಳು ಪಕ್ಕದಲ್ಲಿ ನಿಂತ ಸೊಸೆ.

ಆಶಾ ಕಾರ್ಯಕರ್ತೆ ಪುಸ್ತಕದಲ್ಲಿ ಬರೆದುಕೊಂಡಳು. ಅಜ್ಜ ಪಂಚೆ ಸರಿಮಾಡಿಕೊಳ್ಳುತ್ತ, ಔಷಧ ಕೊಡುವ ಕಿಟಕಿಯ ಕಡೆ ನೋಡಿದ. “ಅಷ್ಟೇನಾ? ಔಸ್ದ ಕೊಡಲ್ವೇನವ್ವ? ಒಂದು ಸೀಸೆ?”

“ಸೀಸೆ ಆಮೇಲೆ ತಾತ” ಅಂದವಳೇ ಅವನ ಕೈಗೆ ಎರಡು ಮುಚ್ಚಳದ ಡಬ್ಬಿ ಇಟ್ಟಳು. “ಒಂದು ಈಗ. ಇನ್ನೊಂದು ನಾಳೆ ಬೆಳಿಗ್ಗೆ, ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ. ಎಂಜಲಲ್ಲ, ಎದೆಯಿಂದ ಬರ್ಬೇಕು. ನಾನೇ ಬಂದು ಇಸ್ಕೊಂಡ್ ಹೋಗ್ತೀನಿ.”

ಅಜ್ಜ ಡಬ್ಬಿಯೊಂದನ್ನು ಸೊಸೆಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು, ಯಾರೂ ಇಲ್ಲದ ಜಾಗ ಹುಡುಕುತ್ತ ಹುಣಸೆ ಮರದ ಕಡೆ ನಡೆದ.